ಹಸಿಯದ್ದೋ, ಒಣಗಿದ್ದೋ?

ನನ್ನ ಮೇಜಿನ ಎದುರಿನ ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ. ಅಡಿಕೆ ಮಂಡಿಯ ಹಳೇ ಬಿಲ್ ಪುಸ್ತಕದಿಂದ ಹರಿದ ಹಾಳೆ, ಹಿಂಬದಿ ಖಾಲಿ ಇದ್ದದ್ದು. ಅದರಲ್ಲಿ ಮೂರೇ ಸಾಲು.

ವಾನ್ ಅಂದರೆ ಹತ್ತು ಸಾವಿರ.
ಯೀ ಅಂದರೆ ಹತ್ತು ಕೋಟಿ.
ವಾನ್‌ಯೀ ಅಂದರೆ ಲಕ್ಷ ಕೋಟಿ.

ಎರಡನೇ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಆ ಗೆರೆಗೆ ನಾನು ತೆತ್ತ ಬೆಲೆ ಒಂದು ತಿಂಗಳ ಬಾಡಿಗೆಯಷ್ಟು.

ನಾನು ಚೀನೀ ಭಾಷೆಯಲ್ಲಿರುವ ಆರ್ಥಿಕ ಬರಹಗಳನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಸರ್ಕಾರದ ವರದಿ, ಬ್ಯಾಂಕುಗಳ ತ್ರೈಮಾಸಿಕ ಲೆಕ್ಕ, ಷೇರು ಕಂಪನಿಗಳ ಟಿಪ್ಪಣಿ, ಯಾವಾಗಲಾದರೊಮ್ಮೆ ಯಾವುದೋ ಪ್ರಾಂತ್ಯದ ಕೃಷಿ ಇಲಾಖೆಯ ಸುತ್ತೋಲೆ. ಸಾವಿರ ಚೀನೀ ಅಕ್ಷರಕ್ಕೆ ಇಷ್ಟು ಅಂತ ದುಡ್ಡು. ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ "ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ" ಅಂದು ಮುಗಿಸುತ್ತಾಳೆ. ಅಪ್ಪಯ್ಯ ಮಾತ್ರ ಹಾಗೆ ಬಿಡುವವನಲ್ಲ. "ಇವತ್ತು ಎಂತ ಬಂತು ಚೀನಾದಿಂದ?" ಅಂತ ಕೇಳದ ದಿನವಿಲ್ಲ. ಸಾಗರದ ಮಂಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ಅವನು. ಅಂಕಿಸಂಖ್ಯೆ ಇರುವ ಕಾಗದ ಯಾವ ದೇಶದ್ದಾದರೂ ತನಗೆ ಸಂಬಂಧಪಟ್ಟದ್ದು ಅಂತಲೇ ಅವನ ನಂಬಿಕೆ.

ಸಾಗರದಲ್ಲಿ ಬಿ.ಕಾಂ. ಮುಗಿಸಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆಗೆ ಸೇರಿದೆ. ಯಾಕೆ ಅಂದರೆ ದೊಡ್ಡ ಕಾರಣವೇನಿಲ್ಲ. ಸಾಗರದಿಂದ ದೂರ ಹೋಗಬೇಕಿತ್ತು, ಸೀಟು ಸಿಕ್ಕಿತು. ಮೊದಲ ತಿಂಗಳು ಹೋದದ್ದು ಉಚ್ಚಾರಣೆಯಲ್ಲೇ. ಚೀನಿಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯಲ್ಲಿ 'ಬಿ' ಅಂತ ಕಾಣುವ ಅಕ್ಷರ ನಿಜಕ್ಕೂ ನಮ್ಮ ಪಕಾರ; 'ಪಿ' ಅಂತ ಕಾಣುವುದು ಉಸಿರು ಬಿಟ್ಟು ಹೇಳುವ ಮಹಾಪ್ರಾಣ. ಕ-ಖ, ತ-ಥ ಎಲ್ಲವೂ ಹೀಗೆಯೇ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಗೊಂದಲವೇ ಇಲ್ಲ. ಆದರೆ ಬಾಯಲ್ಲಿ 'ಕತೆ' ಅಂದು ಪುಸ್ತಕದಲ್ಲಿ 'ಕಥೆ' ಬರೆದು ಬೆಳೆದವಳು ನಾನು. ಮಹಾಪ್ರಾಣಕ್ಕೆ ನಿಜವಾಗಿಯೂ ಉಸಿರು ಖರ್ಚು ಮಾಡಬೇಕು ಅಂತ ಗೊತ್ತಾದದ್ದು ದೆಹಲಿಯಲ್ಲಿ.

ಆಮೇಲೆ ಹೂನಾನ್ ಪ್ರಾಂತ್ಯದ ಚಾಂಗ್‌ಶಾದಲ್ಲಿ ಒಂದು ವರ್ಷ. ವಾಪಸು ಬಂದು ಅನುವಾದಕ್ಕೆ ಕೈ ಹಾಕಿದಾಗ, ಬಿ.ಕಾಂ. ಓದಿದವಳು, ಅರ್ಥಶಾಸ್ತ್ರದ ಪದಗಳೆಲ್ಲ ಗೊತ್ತು, ಚೀನಿಯೂ ಗೊತ್ತು, ಇನ್ನೇನು ಕಷ್ಟ ಅಂದುಕೊಂಡಿದ್ದೆ.

ಇನ್ನೇನು ಅಂದರೆ, ಸೊನ್ನೆ.

ಇಂಗ್ಲಿಷಿನವರು ಮೂರು ಸೊನ್ನೆಗೊಂದು ಮೆಟ್ಟಿಲು ಹತ್ತುತ್ತಾರೆ: ಥೌಸಂಡ್, ಮಿಲಿಯನ್, ಬಿಲಿಯನ್. ನಾವು ಸಾವಿರದ ತನಕ ಅವರ ಜೊತೆ ಹತ್ತಿ, ಅಲ್ಲಿಂದ ಮುಂದೆ ಎರಡೆರಡಕ್ಕೆ ಹೆಜ್ಜೆ ಇಡುತ್ತೇವೆ. ಚೀನೀಯರದ್ದು ನಾಲ್ಕು ನಾಲ್ಕಕ್ಕೆ. ಅದೇ ಒಂದು ಸಂಖ್ಯೆಯನ್ನು ಇಂಗ್ಲಿಷಿನಲ್ಲಿ 1,234,567,890 ಅಂತ ಕತ್ತರಿಸುತ್ತಾರೆ; ನಾವು 123,45,67,890 ಅಂತ ಬರೆದು ನೂರಿಪ್ಪತ್ತಮೂರು ಕೋಟಿ ನಲವತ್ತೈದು ಲಕ್ಷ ಅಂತ ಓದುತ್ತೇವೆ; ಚೀನೀಯರಿಗೆ ಅದು 12 ಯೀ, 3456 ವಾನ್, 7890. ಹಾಳೆಯ ಮೇಲೆ ನಿಧಾನಕ್ಕೆ ಮಾಡಿದರೆ ಎಂಟನೇ ಕ್ಲಾಸಿನ ಲೆಕ್ಕ. ರಾತ್ರಿ ಹನ್ನೊಂದಕ್ಕೆ, ಬೆಳಿಗ್ಗೆ ಆರಕ್ಕೆ ಕೊಡಬೇಕಾದ ಅರವತ್ತು ಪುಟದ ವರದಿಯಲ್ಲಿ, ಸಾಲಿಗೆ ನಾಲ್ಕು ಸಂಖ್ಯೆ ಬರುವಾಗ ಅದು ಎಂಟನೇ ಕ್ಲಾಸಿನ ಲೆಕ್ಕವಾಗಿ ಉಳಿಯುವುದಿಲ್ಲ.

ನನ್ನ ಮೊದಮೊದಲ ಕೆಲಸಗಳಲ್ಲಿ ಒಂದು ಸಿಮೆಂಟ್ ಕಂಪನಿಯ ವಾರ್ಷಿಕ ವರದಿ. ಅದರಲ್ಲಿ "35 ಯೀ" ಸಾಲ ಅಂತಿತ್ತು. ನಾನು 35 ಬಿಲಿಯನ್ ಅಂತ ಬರೆದೆ. ಯೀ ಅನ್ನೋದು ಅವರ ದೊಡ್ಡ ಮೆಟ್ಟಿಲು, ಬಿಲಿಯನ್ ಅನ್ನೋದು ಇವರ ದೊಡ್ಡ ಮೆಟ್ಟಿಲು. ನಿದ್ದೆಗಣ್ಣಿನಲ್ಲಿ ಎರಡೂ ಒಂದೇ ಎತ್ತರಕ್ಕೆ ಕಂಡವು. ಸರಿಯಾದದ್ದು ಮೂರೂವರೆ ಬಿಲಿಯನ್. ಪಾಪದ ಕಂಪನಿಯ ತಲೆ ಮೇಲೆ ಹತ್ತು ಪಟ್ಟು ಸಾಲ ಹೊರಿಸಿಬಿಟ್ಟಿದ್ದೆ. ಕೆಲಸ ಕೊಟ್ಟವರು ಅಚ್ಚಿಗೆ ಹೋಗುವ ಮೊದಲು ನೋಡಿಕೊಂಡರು. ದುಡ್ಡು ಕೊಡಲಿಲ್ಲ, ಇನ್ನೊಂದು ಕೆಲಸವನ್ನೂ ಕೊಡಲಿಲ್ಲ. ತಪ್ಪು ನನ್ನದೇ. ಆದರೂ ಉಳಿದ ಐವತ್ತೊಂಬತ್ತು ಪುಟಕ್ಕಾದರೂ ಕೊಡಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿಕೊಂಡೆ. ಅವನು ಸಮಾಧಾನ ಹೇಳುವ ಪೈಕಿ ಅಲ್ಲ.

"ನಮ್ಮ ಲೆಕ್ಕದಲ್ಲಿ ಎಷ್ಟಾಗ್ತದೆ ಅದು?"

"ಮುನ್ನೂರೈವತ್ತು ಕೋಟಿ."

"ಈಗ ಹೆಂಗೆ ತಟ್ಟಂತ ಹೇಳಿದೆ?"

ಹೌದಲ್ಲ, ತಟ್ಟನೆ ಬಂದಿತ್ತು.

"ಮತ್ತೆಂತಕ್ಕೆ ಸೀದಾ ಇಂಗ್ಲಿಷಿಗೆ ಹಾರ್ತೀ ಮಾರಾಯ್ತಿ? ಕಿರ್ದಿಗೆ ಬರೀದೇ ಖಾತೆಗೆ ಹಾಕಿದ್ರೆ ಶಿಲ್ಕು ತಾಳೆ ಆಗ್ತದಾ?"

ಮಂಡಿಯ ಲೆಕ್ಕ ಗೊತ್ತಿಲ್ಲದವರಿಗೆ: ದಿನದ ವ್ಯವಹಾರವೆಲ್ಲ ಮೊದಲು ಕಿರ್ದಿ ಪುಸ್ತಕಕ್ಕೆ ಹೋಗುತ್ತದೆ, ಬಂದ ಕ್ರಮದಲ್ಲಿ. ಅಲ್ಲಿಂದ ಆಮೇಲೆ ಒಬ್ಬೊಬ್ಬ ಬೆಳೆಗಾರನ ಖಾತೆಗೆ. ಕಿರ್ದಿಯನ್ನು ಹೊರಗಿನವರು ಯಾರೂ ನೋಡುವುದಿಲ್ಲ. ಆದರೆ ಅದಿಲ್ಲದೆ ಖಾತೆ ನಿಲ್ಲುವುದಿಲ್ಲ.

ಆವತ್ತು ಚೀಟಿ ಬರೆದು ಅಂಟಿಸಿದೆ. ಅಲ್ಲಿಂದ ಪ್ರತಿ ಸಂಖ್ಯೆಯನ್ನೂ ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಬರೆಯುವಾಗಲೇ ಕಂಡದ್ದು ಆ ಮೂರನೇ ಸಾಲು. ವಾನ್‌ಯೀ, ಅಂದರೆ ಹತ್ತು ಸಾವಿರ ಸಲ ಹತ್ತು ಕೋಟಿ. ಒಂದರ ಮುಂದೆ ಹನ್ನೆರಡು ಸೊನ್ನೆ. ನಮ್ಮ ಲಕ್ಷ ಕೋಟಿಯೂ ಒಂದರ ಮುಂದೆ ಹನ್ನೆರಡು ಸೊನ್ನೆ. ಅವರೂ ಎರಡು ಪದ ಜೋಡಿಸುತ್ತಾರೆ, ನಾವೂ ಎರಡು ಪದ ಜೋಡಿಸುತ್ತೇವೆ, ಸರಿಯಾಗಿ ಒಂದೇ ಜಾಗದಲ್ಲಿ ಕೂತಿದ್ದೇವೆ! 2008ರ ನವೆಂಬರಿನಲ್ಲಿ ಜಗತ್ತಿನ ಹಣಕಾಸು ಕುಸಿತಕ್ಕೆ ಉತ್ತರವಾಗಿ ಚೀನಾ ಘೋಷಿಸಿದ ನಾಲ್ಕು ವಾನ್‌ಯೀ ಯುವಾನಿನ ಯೋಜನೆ ನಮ್ಮ ಪತ್ರಿಕೆಯ ಭಾಷೆಯಲ್ಲಿ ಹಾಗೆ ಹಾಗೇ ನಾಲ್ಕು ಲಕ್ಷ ಕೋಟಿ. 2020ರಲ್ಲಿ ಅವರ ಜಿಡಿಪಿ ನೂರು ವಾನ್‌ಯೀ ದಾಟಿತು. ನೂರು ಲಕ್ಷ ಕೋಟಿ. ಒಂದು ಸೊನ್ನೆಯನ್ನೂ ಮುಟ್ಟಬೇಕಾಗಿಲ್ಲ.

ಇನ್ನೂ ತಮಾಷೆ ಅಂದರೆ, ವಾನ್‌ಗೂ ಯೀಗೂ ನಮ್ಮಲ್ಲೇ ಹೆಸರಿತ್ತು. ಚಿಕ್ಕವಳಿದ್ದಾಗ ಅಜ್ಜ ಬಾಯಿಪಾಠ ಹೇಳಿಸುತ್ತಿದ್ದ: ಏಕ, ದಶ, ಶತ, ಸಹಸ್ರ, ಅಯುತ, ಲಕ್ಷ, ಪ್ರಯುತ, ಕೋಟಿ, ಅರ್ಬುದ. ಭಾಸ್ಕರಾಚಾರ್ಯರ ಲೀಲಾವತಿಯ ಕ್ರಮ ಅದು. ಅಯುತ ಅಂದರೆ ಹತ್ತು ಸಾವಿರ, ಅರ್ಬುದ ಅಂದರೆ ಹತ್ತು ಕೋಟಿ. ಲಕ್ಷ, ಕೋಟಿ ಇಟ್ಟುಕೊಂಡು ಉಳಿದದ್ದನ್ನು ಅಟ್ಟಕ್ಕೆ ಹಾಕಿದ್ದೇವೆ.

ಸೊನ್ನೆಯ ಕಾಟ ಮುಗಿದರೆ ಪಟ್ಟಿನ ಕಾಟ. ಚೀನಿಯಲ್ಲಿ ಫಾನ್ ಅಂತ ಒಂದು ಪದ. ಒಂದು ಫಾನ್ ಮಗುಚಿದರೆ ಇಮ್ಮಡಿ. ಎರಡು ಫಾನ್ ಮಗುಚಿದರೆ? ನಾನು ಮುಮ್ಮಡಿ ಅಂತ ಬರೆದೆ. ಅಲ್ಲ, ಇಮ್ಮಡಿಯಾದದ್ದು ಮತ್ತೆ ಇಮ್ಮಡಿ, ಅಂದರೆ ನಾಲ್ಕು ಪಟ್ಟು. 1982ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷದ 12ನೇ ಅಧಿವೇಶನ ಇಟ್ಟುಕೊಂಡ ಗುರಿ ಈ "ಎರಡು ಫಾನ್": ಕೈಗಾರಿಕೆ ಮತ್ತು ಕೃಷಿಯ ಒಟ್ಟು ಉತ್ಪನ್ನದ ಮೌಲ್ಯ 1980ರ 7,100 ಯೀಯಿಂದ 2000ದ ಹೊತ್ತಿಗೆ 28,000 ಯೀ. ಪಕ್ಕದಲ್ಲೇ ಸಂಖ್ಯೆ ಇದ್ದದ್ದಕ್ಕೆ ಬಚಾವಾದೆ. ಇನ್ನೊಂದು ಪೇಯ್ ಅನ್ನುವ ಪದ. "ಎರಡು ಪೇಯ್ ಹೆಚ್ಚಿತು" ಅಂದರೆ ಮೊದಲಿದ್ದದ್ದರ ಮೇಲೆ ಇನ್ನೆರಡು, ಒಟ್ಟು ಮೂರು ಪಟ್ಟು. "ಎರಡು ಪೇಯ್‌ಗೆ ಹೆಚ್ಚಿತು" ಅಂದರೆ ಬರೀ ಎರಡು ಪಟ್ಟು. ನಡುವಿನ ವ್ಯತ್ಯಾಸ ಒಂದು ಪುಟ್ಟ ಅಕ್ಷರ. ನಮ್ಮ ಪತ್ರಿಕೆಗಳಲ್ಲಿ "ಮೂರು ಪಟ್ಟು ಹೆಚ್ಚಳ" ಅಂತ ಓದಿದಾಗ ಮೂರೋ ನಾಲ್ಕೋ ಅಂತ ನಾನು ಈಗ ನಂಬುವುದೇ ಬಿಟ್ಟಿದ್ದೇನೆ.

ಥೋಂಗ್‌ಪಿ, ಹ್ವಾನ್‌ಪಿ ಅಂತ ಅವಳಿ ಪದಗಳಿವೆ. ಪ್ರತಿ ಅಂಕಿಅಂಶದ ಹಿಂದೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಇಂಗ್ಲಿಷಿನ ವಿವರಣೆ ನಾಲ್ಕು ಸಲ ಓದಿದರೂ ಅದಲುಬದಲಾಗುತ್ತಿತ್ತು. ಮಂಡಿಗೆ ತಂದು ನೋಡಿದ ಮೇಲೆ ತಲೆಯಲ್ಲಿ ಕೂತಿತು. ಈ ಸಂಕ್ರಾಂತಿಯ ರಾಶಿ ಅಡಿಕೆ ದರವನ್ನು ಹೋದ ಸಂಕ್ರಾಂತಿಯ ದರದ ಜೊತೆ ಹೋಲಿಸಿದರೆ ಥೋಂಗ್‌ಪಿ. ಹೋದ ವಾರದ ದರದ ಜೊತೆ ಹೋಲಿಸಿದರೆ ಹ್ವಾನ್‌ಪಿ. ಕೊಯ್ಲಿನ ಹೊತ್ತಿನ ದರವನ್ನು ಮಳೆಗಾಲದ ದರಕ್ಕೆ ಹೋಲಿಸಿ ಕುಸಿಯಿತು ಅಂತ ಅಳುವವನನ್ನು ಅಪ್ಪಯ್ಯ ನೋಡುವ ನೋಟ ಇದೆಯಲ್ಲ, ಚೀನಾದ ರಾಷ್ಟ್ರೀಯ ಅಂಕಿಅಂಶ ಕಚೇರಿಯವರದ್ದೂ ಅದೇ ನೋಟ. ಅವರ ಹೊಸವರ್ಷದ ಹಬ್ಬ ಚಂದ್ರನ ಲೆಕ್ಕದ್ದು. ಒಂದು ವರ್ಷ ಜನವರಿಯಲ್ಲಿ ಬಂದರೆ ಇನ್ನೊಂದು ವರ್ಷ ಫೆಬ್ರುವರಿಗೆ ಜಾರುತ್ತದೆ. ಹಬ್ಬದಲ್ಲಿ ಕಾರ್ಖಾನೆಗಳು ಬಾಗಿಲು ಹಾಕುತ್ತವೆ. ಹಾಗಾಗಿ ಕೈಗಾರಿಕಾ ಉತ್ಪಾದನೆಯ ಆ ಎರಡು ತಿಂಗಳ ಲೆಕ್ಕವನ್ನು ಒಟ್ಟಿಗೆ ಸೇರಿಸಿಯೇ ಹೊರಡಿಸುತ್ತಾರೆ. ಯುಗಾದಿ ಒಮ್ಮೆ ಮಾರ್ಚಿಗೆ ಒಮ್ಮೆ ಏಪ್ರಿಲಿಗೆ ಬೀಳುವುದನ್ನು ನೋಡುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯುವುದಕ್ಕೆ ನಾನು ಹಿಡಿದ ದಾರಿ ಬಹಳ ಸಾದಾ. ಪ್ರತಿ ವರ್ಷ ಮಾರ್ಚಿನಲ್ಲಿ ಚೀನಾದ ಪ್ರಧಾನಿ ಅಲ್ಲಿನ ರಾಷ್ಟ್ರೀಯ ಜನ ಕಾಂಗ್ರೆಸ್ಸಿನ ಎದುರು ಸರ್ಕಾರದ ಕಾರ್ಯವರದಿ ಓದುತ್ತಾರೆ. ಅದರ ಅಧಿಕೃತ ಇಂಗ್ಲಿಷ್ ಪಾಠವೂ ಹೊರಬರುತ್ತದೆ. ಚೀನಿಯದ್ದನ್ನು ಒಂದು ಪುಟ ಎದುರಿಗಿಟ್ಟುಕೊಂಡು, ಇಂಗ್ಲಿಷಿನದ್ದನ್ನು ತಲೆದಿಂಬಿನ ಕೆಳಗೆ ತುರುಕಿ ಅನುವಾದ ಮಾಡುವುದು. ಆಮೇಲೆ ದಿಂಬೆತ್ತಿ ತಾಳೆ ನೋಡುವುದು. ಕೆಂಪು ಪೆನ್ನು ಖಾಲಿಯಾಗುತ್ತಿತ್ತು. ನಾಲ್ಕೈದು ವರ್ಷದ ವರದಿಗಳನ್ನು ಹೀಗೆ ಅರೆದೆ.

ಅದರಲ್ಲಿ ಕಂಡ ಮೊದಲ ಸಂಗತಿ, ನನ್ನ ಇಂಗ್ಲಿಷ್ ಅಧಿಕೃತ ಇಂಗ್ಲಿಷಿಗಿಂತ ಯಾವತ್ತೂ ಕಾಲುಭಾಗ ಉದ್ದ. ಚೀನಿಯ ಸರ್ಕಾರಿ ಬರಹದಲ್ಲಿ ಕ್ರಿಯಾಪದ ಒಂಟಿಯಾಗಿ ಓಡಾಡುವುದಿಲ್ಲ. "ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ", "ಸರ್ವಶಕ್ತಿಯಿಂದ", "ನೈಜವಾಗಿ" ಅಂತ ಮೆರವಣಿಗೆ ಕಟ್ಟಿಕೊಂಡೇ ಬರುತ್ತದೆ. ಚೀನಿಯಲ್ಲಿ ಇದು ತಾಳ ತುಂಬುವ ಕೆಲಸ. ನಾಲ್ಕು ಅಕ್ಷರದ ಲಯಕ್ಕೆ ಬೇಕು. ಇಂಗ್ಲಿಷಿನಲ್ಲಿ ಅಷ್ಟನ್ನೂ ಇಟ್ಟರೆ ಹಿಂದೆ ಮಾಡಿದ್ದೆಲ್ಲ ನೈಜವಲ್ಲ ಅನ್ನುವ ಅರ್ಥ ಬರುತ್ತದೆ. ಬಿಡುವುದನ್ನು ಕಲಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು. ಮೂಲದಲ್ಲಿ ಇರುವ ಪದ ಬಿಡುವುದೆಂದರೆ ಕಳ್ಳತನ ಮಾಡಿದಂತೆ ಅನ್ನಿಸುತ್ತಿತ್ತು. ನಡುವೆ ಒಂದು ಪದ ಬಹಳ ನಗಿಸಿತು: ಥ್ವೇಜಿನ್. ಬಿಡಿಸಿದರೆ "ಮುಂದಕ್ಕೆ ದೂಡು". ಅವರಿಗೆ ಅದು ಕೆಲಸವನ್ನು ಮುನ್ನಡೆಸುವುದು. ನಾವು ಅದೇ ಎರಡು ತುಂಡು ಜೋಡಿಸಿ "ಮುಂದೂಡು" ಅಂದರೆ ಸಭೆ ಹೋದಂತೆಯೇ ಲೆಕ್ಕ.

ಎರಡನೆಯ ಸಂಗತಿ, ವಾಕ್ಯಕ್ಕೆ ಕರ್ತೃವೇ ಇರುವುದಿಲ್ಲ. ಯಾವ್ ಅಂತ ಒಂದೇ ಪದದಿಂದ ಶುರು: "ಬೇಕು". ಸುಧಾರಣೆ ಆಳಗೊಳಿಸಬೇಕು, ಸಾಲದ ಅಪಾಯ ತಡೆಯಬೇಕು. ಯಾರು? ಹೇಳುವುದಿಲ್ಲ. ನಮಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ತಾಲ್ಲೂಕು ಕಚೇರಿಯ ಯಾವ ಸುತ್ತೋಲೆ ತೆಗೆದರೂ "ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು" ಅಂತಿರುತ್ತದೆ. ಯಾರು ಕೈಗೊಳ್ಳತಕ್ಕದ್ದು ಅಂತ ಯಾವ ಗುಮಾಸ್ತನೂ ಕೇಳಿಲ್ಲ. ಆದರೆ ಇಂಗ್ಲಿಷ್ ವಾಕ್ಯ ಕರ್ತೃವಿಲ್ಲದೆ ಬಾಗಿಲು ದಾಟುವುದಿಲ್ಲ. ಪ್ರಧಾನಿ ಓದುವ ವರದಿಯಲ್ಲಾದರೆ "ನಾವು" ಅಂತ ಹಾಕಬಹುದು. ಬೀಜಿಂಗಿನ ಆಯೋಗ ಪ್ರಾಂತ್ಯಗಳಿಗೆ ಬರೆದ ಕಾಗದದಲ್ಲಿ "ನಾವು" ಹಾಕಿದರೆ ಹೊಣೆ ಮೇಲಿನವರ ಹೆಗಲಿಗೆ ಬಂತು. "ಸ್ಥಳೀಯ ಸರ್ಕಾರಗಳು" ಹಾಕಿದರೆ ಮೂಲ ಬೇಕಂತಲೇ ಮುಚ್ಚಿಟ್ಟದ್ದನ್ನು ನಾನು ಬಿಚ್ಚಿಟ್ಟಂತೆ. ಇಂಥ ಕಡೆ ಮೊದಲು ಕನ್ನಡದಲ್ಲಿ "ತಕ್ಕದ್ದು" ಹಾಕಿ ಇಡೀ ಪುಟ ಬರೆದುಕೊಳ್ಳುತ್ತೇನೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ.

ವಾಕ್ಯದ ಕಟ್ಟೂ ಹಾಗೆಯೇ. "ಜನ ಬ್ಯಾಂಕು ನಿನ್ನೆ ಹೊರಡಿಸಿದ ವರದಿ" ಅನ್ನುವಲ್ಲಿ ಚೀನಿಯೂ ಕನ್ನಡವೂ ಹೆಜ್ಜೆಗೆ ಹೆಜ್ಜೆ ಒಂದೇ. ವಿಶೇಷಣವೆಲ್ಲ ಮುಂದೆ, ನಾಮಪದ ಕೊನೆಗೆ. ಮೂರು ಸಾಲು ವಿಶೇಷಣ ಹೇರಿಕೊಂಡು ಬರುವ ಚೀನೀ ವಾಕ್ಯ ದೆಹಲಿಯ ನನ್ನ ಸಹಪಾಠಿಗಳನ್ನು ಉಸಿರುಗಟ್ಟಿಸುತ್ತಿತ್ತು. ನನಗೆ ಅದು ಅಜ್ಜಿ ಹೇಳುವ "ಹೋದ ವರ್ಷ ಜಾತ್ರೇಲಿ ಸಿಕ್ಕಿದ್ದ, ಕಾಲು ಮುರಕೊಂಡ, ಆ ಹೆಗ್ಗೋಡಿನವನ ಭಾವ". ಕೊನೆಯಲ್ಲಿ ಭಾವ ಬಂದೇ ಬರುತ್ತಾನೆ, ಕಾಯಬೇಕು ಅಷ್ಟೇ.

ಇನ್ನು ಪದಗಳು. ನಿಘಂಟು ನೋಡಿದರೆ ಕ್ವೊಯಿಂಗ್, ಕ್ವೊಯೋ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ, ಸರ್ಕಾರಿ. ನನ್ನ ಕೆಲಸ ತಿದ್ದುತ್ತಿದ್ದ ದೆಹಲಿಯ ಹಿರಿಯ ಸಂಪಾದಕಿಯೊಬ್ಬರು ಒಂದು ಕರಡಿನ ಅಂಚಿನಲ್ಲಿ "ಇದು ಯಾವ ವರ್ಷದ ಕಾಗದ?" ಅಂತಷ್ಟೇ ಬರೆದು ವಾಪಸು ಕಳಿಸಿದರು. 1986ರ ಕಾಗದ. ಕ್ವೊಯಿಂಗ್ ಅಂದರೆ ಸರ್ಕಾರ ನಡೆಸುವುದು. ಕ್ವೊಯೋ ಅಂದರೆ ಸರ್ಕಾರದ ಒಡೆತನದ್ದು, ನಡೆಸುವವರು ಬೇರೆ ಇರಬಹುದು. 1993ರಲ್ಲಿ ಚೀನಾ ತನ್ನ ಸಂವಿಧಾನ ತಿದ್ದಿದಾಗ ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಿತು. ಸಮಾಜವಾದಿ ಮಾರುಕಟ್ಟೆ ಆರ್ಥಿಕತೆ ಅನ್ನುವ ಮಾತು ಸಂವಿಧಾನಕ್ಕೆ ಬಂದದ್ದೂ ಆಗಲೇ. ನಾನು 1986ರ ಕಾರ್ಖಾನೆಗೆ 1993ರ ಅಂಗಿ ತೊಡಿಸಿದ್ದೆ.

ಘೋಷಣೆಗಳಂತೂ ಕೇಳಲೇಬೇಡಿ. 2015ರ ಕೊನೆಯಲ್ಲಿ ಬಂದ ಒಂದು ಆರಕ್ಷರದ ಸೂತ್ರವಿದೆ: ಸಾನ್ ಛ್ಯು ಯೀ ಜ್ಯಾಂಗ್ ಯೀ ಪು. ಹೆಚ್ಚುವರಿ ಉತ್ಪಾದನಾ ಸಾಮರ್ಥ್ಯ ಕಡಿತ, ಮಾರಾಟವಾಗದ ಮನೆಗಳ ದಾಸ್ತಾನು ಕರಗಿಸುವುದು, ಸಾಲದ ಹೊರೆ ಇಳಿಸುವುದು, ಉದ್ಯಮಗಳ ವೆಚ್ಚ ತಗ್ಗಿಸುವುದು, ಕೊರತೆ ಇದ್ದಲ್ಲಿ ತುಂಬುವುದು, ಇಷ್ಟೂ ಆರಕ್ಷರದಲ್ಲಿ. ಇಂಗ್ಲಿಷಿನಲ್ಲಿ ಇದನ್ನು ಪಟ್ಟಿ ಮಾಡಿ ಹೇಳದೆ ವಿಧಿಯಿಲ್ಲ. ಕನ್ನಡದಲ್ಲಿ ನಾನು ಬರೆದುಕೊಂಡದ್ದು: "ಮೂರು ಕಳೆ, ಒಂದು ಇಳಿಸು, ಒಂದು ತುಂಬು." ಕೊಡುವುದು ಇಂಗ್ಲಿಷಿನಲ್ಲಿ, ಹಾಗಾಗಿ ಇದನ್ನು ಯಾರೂ ಓದುವುದಿಲ್ಲ. ಕಿರ್ದಿಯಲ್ಲೇ ಉಳಿಯುತ್ತದೆ. ನನಗೆ ಅದರ ಮೇಲೆ ಸ್ವಲ್ಪ ಹೆಮ್ಮೆ.

ಆರ್ಥಿಕತೆಗೆ ಚೀನಿಯಲ್ಲಿ ಇರುವ ಪದಕ್ಕೂ ದೊಡ್ಡ ಪ್ರವಾಸದ ಕತೆಯಿದೆ. ಜಗತ್ತನ್ನು ಸುವ್ಯವಸ್ಥೆಗೆ ತಂದು ಜನರನ್ನು ಪೊರೆಯುವುದು ಅನ್ನುವ ಹಳೇ ಚೀನೀ ಮಾತನ್ನು ಜಪಾನೀಯರು ಕುಗ್ಗಿಸಿ ಪಶ್ಚಿಮದ ಪದಕ್ಕೆ ಸಾಟಿಯಾಗಿ ಬಳಸಿದರು. ಅದು ಚೀನಾಕ್ಕೆ ಮರಳಿ ಬಂತು. ಆಡಂ ಸ್ಮಿತ್‌ನ ಸಂಪತ್ತಿನ ಗ್ರಂಥವನ್ನು 1901-02ರಲ್ಲಿ ಚೀನಿಗೆ ತಂದ ಯೆನ್ ಫು ಆ ಪದ ಒಪ್ಪದೆ "ಲೆಕ್ಕದ ವಿದ್ಯೆ" ಅನ್ನುವಂಥದ್ದೊಂದು ಪದ ಕಟ್ಟಿದ್ದ. ಅದು ನಿಲ್ಲಲಿಲ್ಲ. ನನಗೆ ಅವನ ಪದವೇ ಇಷ್ಟ, ಗುಮಾಸ್ತನ ಮಗಳಲ್ಲವೇ. ನಮ್ಮದೂ ಸಾಮಾನ್ಯವಲ್ಲ: ದುಡ್ಡಿಗೂ ಅರ್ಥ, ಪದದ ಒಳಗಿರುವುದಕ್ಕೂ ಅರ್ಥ. ಅನುವಾದಕಿ ಎರಡರ ಹಿಂದೆಯೂ ಓಡಬೇಕು.

ನನ್ನನ್ನು ಅತಿ ಹೆಚ್ಚು ದಿನ ಕಾಡಿದ್ದು ಪಾವ್ ಅನ್ನುವ ಒಂದೇ ಒಂದು ಅಕ್ಷರ. 1978ರ ಚಳಿಗಾಲದಲ್ಲಿ ಆನ್‌ಹ್ವೇ ಪ್ರಾಂತ್ಯದ ಶ್ಯಾವ್‌ಕಾಂಗ್ ಅನ್ನುವ ಹಳ್ಳಿಯಲ್ಲಿ ಹದಿನೆಂಟು ಮಂದಿ ರೈತರು ಗುಟ್ಟಾಗಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡರು. ಸರ್ಕಾರಕ್ಕೆ ಸಲ್ಲಬೇಕಾದ್ದು ಸಲ್ಲಿಸಿ, ಸಮುದಾಯಕ್ಕೆ ಬಿಡಬೇಕಾದ್ದು ಬಿಟ್ಟು, ಉಳಿದದ್ದೆಲ್ಲ ತಮ್ಮದು. ಮುಂದೆ ಇದೇ ದೇಶದ ನೀತಿಯಾಯಿತು. ಈ ವ್ಯವಸ್ಥೆಯ ಹೆಸರಿನಲ್ಲೇ ಪಾವ್ ಇದೆ. ಇಂಗ್ಲಿಷಿನಲ್ಲಿ ಅದನ್ನು ಕಾಂಟ್ರಾಕ್ಟ್ ಅನ್ನುತ್ತಾರೆ. ನಾನು ಒಂದು ಲೇಖನದಲ್ಲಿ, ಓದುವವರಿಗೆ ಸಲೀಸಾಗಲಿ ಅಂತ, ಗೇಣಿ ಅನ್ನುವ ಅರ್ಥದ ಇಂಗ್ಲಿಷ್ ಪದ ಹಾಕಿದೆ.

ಸಾಗರದವಳು ನಾನು ಹಾಗೆ ಹಾಕಬಾರದಿತ್ತು. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದರ ಹಿಂದೆ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರೂ ಇತ್ತು. ಒಡೆಯರ ಕೊಳಗ ದೊಡ್ಡದು. ಗೇಣಿ ಅಂದ ಕೂಡಲೇ ಒಬ್ಬ ಒಡೆಯ, ಒಬ್ಬ ಒಕ್ಕಲು ಕಣ್ಣೆದುರು ನಿಲ್ಲುತ್ತಾರೆ. ಶ್ಯಾವ್‌ಕಾಂಗಿನಲ್ಲಿ ಒಡೆಯನೇ ಇಲ್ಲ. ಜಮೀನು ಸಮುದಾಯದ್ದು, ಇಂದಿಗೂ ಸಮುದಾಯದ್ದೇ. ನಮ್ಮಲ್ಲಿ 1974ರ ತಿದ್ದುಪಡಿಯಾದ ಮೇಲೆ ಉಳುವವನೇ ಒಡೆಯನಾದ. ಅಲ್ಲಿ ಉಳುವವನಿಗೆ ಸಿಕ್ಕಿದ್ದು ಒಡೆತನವಲ್ಲ, ಹೊಣೆ ಮತ್ತು ಉಳಿಕೆ. ಗುತ್ತಿಗೆ ಅನ್ನೋಣವೆಂದರೆ ರಸ್ತೆ ಡಾಂಬರಿನ ಗುತ್ತಿಗೆದಾರ ನೆನಪಾಗುತ್ತಾನೆ. ಕೊನೆಗೆ "ವಹಿಸಿಕೊಳ್ಳುವುದು" ಅಂತ ಕಿರ್ದಿಯಲ್ಲಿ ಬರೆದುಕೊಂಡು, ಇಂಗ್ಲಿಷಿನಲ್ಲಿ ಎಲ್ಲರೂ ಬಳಸುವ ಕಾಂಟ್ರಾಕ್ಟಿಗೇ ಮರಳಿದೆ. ಕೆಳಗೆ ಎರಡು ಸಾಲು ಟಿಪ್ಪಣಿ ಹಾಕಿದೆ. ಸಂಪಾದಕಿ ಟಿಪ್ಪಣಿ ಉಳಿಸಿದರು. ಅದು ನನಗೆ ಸಿಕ್ಕ ಮೊದಲ ಬಡ್ತಿ ಅಂತಲೇ ನಾನು ತಿಳಿದಿದ್ದೇನೆ.

ಈಗ ಯಂತ್ರ ಬಂದಿದೆ. ಮೊದಲ ಕರಡು ಅದೇ ಮಾಡಿಕೊಡುತ್ತದೆ, ನಾನು ತಿದ್ದುತ್ತೇನೆ, ಸಾವಿರ ಅಕ್ಷರಕ್ಕೆ ಸಿಗುವ ದುಡ್ಡು ಕಮ್ಮಿಯಾಗಿದೆ. ಅದರ ಬಗ್ಗೆ ಬೇರೆ ಯಾವತ್ತಾದರೂ ಬರೆಯುತ್ತೇನೆ, ಇವತ್ತು ಮೂಡಿಲ್ಲ.

ಹೋದ ತಿಂಗಳು ಬಂದ ಕೆಲಸ ಮಾತ್ರ ಹೇಳಿ ಮುಗಿಸಬೇಕು. ಹೈನಾನ್ ದ್ವೀಪದ ಪಿಂಗ್‌ಲಾಂಗ್ ಬೆಳೆಗಾರರ ಬಗ್ಗೆ ಒಂದು ಮಾರುಕಟ್ಟೆ ವರದಿ. ಪಿಂಗ್‌ಲಾಂಗ್ ಅಂದರೆ ಅಡಿಕೆ! ಚಾಂಗ್‌ಶಾದಲ್ಲಿದ್ದಾಗ ಮೂಲೆಮೂಲೆಗೆ ಅದರ ಅಂಗಡಿ ನೋಡಿದ್ದೆ. ಬೆಳೆಯುವುದು ಹೈನಾನ್, ಜಗಿಯುವುದು ಹೂನಾನ್. ಒಂದು ಸಲ ಬಾಯಿಗೆ ಹಾಕಿಕೊಂಡು ಎದೆ ಬಿಗಿದು, ಬೆವತು, ಫುಟ್‌ಪಾತಿನ ಮೇಲೆ ಕೂತಿದ್ದೆ. ಅಡಿಕೆ ನಾಡಿನವಳು ಅಂತ ಜಂಬ ಕೊಚ್ಚಿಕೊಂಡವಳಿಗೆ ಆದದ್ದು ಸರಿಯಾಗಿಯೇ ಆಯಿತು. ಅವರು ತಿನ್ನುವುದು ಎಳೇ ಕಾಯಿಯನ್ನು ಸಂಸ್ಕರಿಸಿ, ಸೀಳಿ, ಒಳಗೊಂದು ತೊಟ್ಟು ಸಿಹಿಖಾರದ ರಸ ಬಿಟ್ಟದ್ದು. ಜಗಿಯುವುದು ಸಿಪ್ಪೆಯನ್ನು. ನಾವು ಸುಲಿದು ಗುಂಡಿಗೆ ಎಸೆಯುವ ಸಿಪ್ಪೆ! ಅಪ್ಪಯ್ಯ ಇದನ್ನು ವರ್ಷಗಟ್ಟಲೆ ನಂಬಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಚೀನಾ ಸರ್ಕಾರ ರೇಡಿಯೋ, ಟಿವಿಯಲ್ಲಿ ಅಡಿಕೆಯ ಜಾಹೀರಾತು ನಿಲ್ಲಿಸಿದ ಸುದ್ದಿ ಹೇಳಿದಾಗ ಮಾತ್ರ ನಂಬಿದ. ಕ್ಯಾನ್ಸರಿನ ಮಾತು ಅಲ್ಲಿಯೂ ಬಂತಾ ಅಂತ ಕೇಳಿ ಸುಮ್ಮನಾಗಿದ್ದ.

ಈ ವರದಿ ನನ್ನದೇ ಅಂತ ಕೂತೆ. ಜಿನ್ ಅಂದರೆ ಅರ್ಧ ಕಿಲೋ, ಹಾಗಾಗಿ ದರವನ್ನೆಲ್ಲ ಇಮ್ಮಡಿ ಮಾಡಿ ಕಿಲೋಗೆ ತಂದೆ. ಮೂ ಅಂದರೆ ಹೆಕ್ಟೇರಿನಲ್ಲಿ ಹದಿನೈದನೇ ಒಂದು ಭಾಗ, ಸುಮಾರು ಆರೂವರೆ ಗುಂಟೆ. ಅದನ್ನು ಹೆಕ್ಟೇರಿಗೆ ತಂದೆ. ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದೆ. ಥೋಂಗ್‌ಪಿ, ಹ್ವಾನ್‌ಪಿ ಸರಿಯಿದ್ದವು. ಎಲ್ಲ ಮುಗಿದ ಮೇಲೆ ಖುಷಿಗೆ ಅಪ್ಪಯ್ಯನಿಗೆ ಫೋನ್ ಮಾಡಿ, ಅಲ್ಲಿನ ದರವನ್ನು ರೂಪಾಯಿ ಲೆಕ್ಕದಲ್ಲಿ ಓದಿ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಸಿಯದ್ದೋ, ಒಣಗಿದ್ದೋ?"

ಮೂಲ ತೆಗೆದೆ. ಛಿಂಗ್‌ಕ್ವೊ ಅಂತ ಸ್ಪಷ್ಟವಾಗಿತ್ತು. ಹಸುರು ಕಾಯಿ. ನಾನು ಇಂಗ್ಲಿಷಿನಲ್ಲಿ ಬರೀ ಅಡಿಕೆ ಅಂತ ಬರೆದಿದ್ದೆ, ಮೊದಲ ಪುಟದಿಂದ ಕೊನೆಯ ಪುಟದ ತನಕ.

"ಹಸಿದು," ಅಂದೆ.

"ಸಿಪ್ಪೆ ಸಮೇತ ತೂಕವಾ?"

"ಸಿಪ್ಪೆ ಸಮೇತ."

"ಮತ್ತೆ ಅದನ್ನು ಬರೀಬೇಕಲ್ಲೇ. ಇಲ್ಲದಿದ್ರೆ ಓದಿದವ ಎಂತ ಅಂತ ತಿಳ್ಕೊಳ್ತಾನೆ?"

ಫೋನಿಟ್ಟು ಹನ್ನೊಂದು ಕಡೆ ತಿದ್ದಿದೆ. ಎರಡು ಕೋಷ್ಟಕದ ತಲೆಬರಹವನ್ನೂ ತಿದ್ದಿದೆ. ಕಳಿಸುವಷ್ಟರಲ್ಲಿ ಅವನದೇ ಫೋನ್ ಮತ್ತೆ ಬಂತು. ಆ ಹಸಿ ಕಾಯಿಯನ್ನು ಹಡಗಿನಲ್ಲಿ ದಾಟಿಸುವಷ್ಟು ದಿನ ಕೆಡದಂತೆ ಹೇಗೆ ಇಡುತ್ತಾರೆ, ವರದಿಯಲ್ಲಿ ಅದನ್ನು ಬರೆದಿದ್ದಾರಾ ನೋಡು ಅಂದ. ನೋಡಿದೆ. ಬರೆದಿರಲಿಲ್ಲ.